ಗಟ್ಟಿ ಯಂತ್ರದ ತೂಕ

ಆ ಲ್ಯಾಪ್‌ಟಾಪುಗಳು ನಮ್ಮ ಮನೆಗೆ ಬಂದದ್ದು ಶ್ರಾವಣದಲ್ಲಿ ಎಂದು ಇತ್ತೀಚಿನವರೆಗೂ ಹೇಳುತ್ತಿದ್ದೆ. ಇದನ್ನು ಬರೆಯಲು ಕುಳಿತಾಗ ಕೊರಿಯರ್ ರಸೀದಿಯನ್ನು ಪಂಚಾಂಗದ ಪಕ್ಕದಲ್ಲಿಟ್ಟು ನೋಡಿದೆ. ಆಷಾಢ ಇನ್ನೂ ಮುಗಿದಿರಲಿಲ್ಲ. ಶಾಸನಗಳ ಕಾಲನಿರ್ಣಯದಲ್ಲೇ ವೃತ್ತಿಜೀವನ ಕಳೆದವನಿಗೆ ಇಂಥ ತಪ್ಪನ್ನು ತಿದ್ದಿಕೊಳ್ಳದೆ ಮುಂದಿನ ವಾಕ್ಯಕ್ಕೆ ಹೋಗಲಾಗುವುದಿಲ್ಲ. ಈ ಅಭ್ಯಾಸವೇ ನನ್ನನ್ನು ನಾಚಿಕೆಪಡುವಂತೆ ಮಾಡಿದ ಸಂದರ್ಭವೊಂದನ್ನು ಇಲ್ಲಿ ಹೇಳಬೇಕಾಗಿದೆ.

ರಾಮಕೃಷ್ಣನಗರದ ಒಂದು ಸಣ್ಣ ಟ್ರಸ್ಟು, ಸುತ್ತಲಿನ ಹಳ್ಳಿಗಳ ಹೊಲ, ಕೆರೆ ಏರಿ, ಗುಡ್ಡಗಳಲ್ಲಿ ಯಾರೂ ಓದದೆ ಬಿದ್ದಿರುವ ಶಾಸನಗಳನ್ನು ದಾಖಲಿಸುವ ಕೆಲಸ ಹಿಡಿದಿತ್ತು. ಊರೂರು ತಿರುಗಲು ಇದ್ದವಳು ಒಬ್ಬಳೇ: ನನ್ನ ಮಾರ್ಗದರ್ಶನದಲ್ಲಿ ಸಂಶೋಧನೆ ಮುಗಿಸಿದ, ಅಶೋಕಪುರಂನ ಹಳೆಯ ವಿದ್ಯಾರ್ಥಿನಿ. ಆಕೆಯ ಮಾಮೂಲು ಲ್ಯಾಪ್‌ಟಾಪು ಕೆರೆ ಏರಿಯ ಮೇಲೆ ಮಳೆಗೆ ಸಿಕ್ಕಿ ಕೆಟ್ಟುಹೋದ ಮೇಲೆ, ಬಯಲಿನ ಕೆಲಸಕ್ಕೆಂದೇ ತಯಾರಾಗುವ ಗಟ್ಟಿ ಯಂತ್ರವೊಂದನ್ನು ಕೊಳ್ಳಲು ಟ್ರಸ್ಟು ನಿರ್ಧರಿಸಿತು. ಮೂರು ಕಂಪನಿಗಳಿಂದ ಮಾದರಿಗಳು ಬಂದವು. ಹೋಲಿಸಿ ವರದಿ ಕೊಡುವ ಹೊಣೆ ನನ್ನ ಪಾಲಿಗೆ ಬಂತು.

ಕುವೆಂಪುನಗರದ ನಮ್ಮ ಮನೆಯ ಹಿತ್ತಲೇ ಪ್ರಯೋಗಶಾಲೆಯಾಯಿತು. ಬೀಳಿಸಿ ನೋಡಬಹುದೆಂದು ಕಂಪನಿಗಳವರೇ ಹೇಳಿದ್ದರು. ಒಂದೊಂದನ್ನೂ ಸೊಂಟದೆತ್ತರದಿಂದ ಒಗೆಯುವ ಕಲ್ಲಿನ ಮೇಲೆ ಬಿಟ್ಟೆ. ಪಕ್ಕದ ಖಾಲಿ ಸೈಟಿನ ಕೆಮ್ಮಣ್ಣನ್ನು ಜರಡಿ ಹಿಡಿದು ಕೀಲಿಮಣೆಯ ಮೇಲೆ ಉದುರಿಸಿದೆ. ತಂಬಿಗೆಯಿಂದ ನೀರು ಹೊಯ್ದೆ.

ನನ್ನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ರೀ, ಕಲ್ಲು ಸೀಳಿಬುಟ್ರೆ ಇನ್ನೊಂದು ಯಾರು ತಂದ್ಹಾಕ್ತಾರೆ?"

"ಪರೀಕ್ಷೆ ಕಣೇ."

"ಮದುವೆಯಾದಾಗ್ನಿಂದ ಒಂದು ಕರ್ಚೀಫು ಒಗ್ದವರಲ್ಲ. ಈಗ ಕಂಪ್ಯೂಟರ್ ಒಗೀತಾ ಕೂತಿದ್ದೀರಿ."

ಮೊದಲನೆಯದರ ಮೂಲೆ ಬಿರುಕುಬಿಟ್ಟಿತು. ಎರಡನೆಯದು ಬದುಕಿತಾದರೂ ಅದರ ಮುಚ್ಚಳದ ಮೇಲೆ ಗೀರುಗಳೆದ್ದವು. ಮೂರನೆಯದು ಬಟ್ಟೆಯಲ್ಲಿ ಒರೆಸಿದೊಡನೆ ಏನೂ ಆಗಿಲ್ಲವೆಂಬಂತೆ ಬೆಳಗಿತು. ಅದರ ಪರೀಕ್ಷಾ ಪ್ರಮಾಣಪತ್ರದ ದಿನಾಂಕವನ್ನೂ ಮಾದರಿ ಬಿಡುಗಡೆಯಾದ ದಿನಾಂಕವನ್ನೂ ತಾಳೆ ನೋಡಿದೆ, ವ್ಯತ್ಯಾಸವಿರಲಿಲ್ಲ. ಮೂರರಲ್ಲಿ ಅದೇ ಹೆಚ್ಚು ಭಾರದ್ದು. ಕೋಷ್ಟಕದಲ್ಲಿ ತೂಕದ ಅಂಕಣದ ಎದುರು 'ನಗಣ್ಯ' ಎಂದು ಬರೆದೆ. ಆ ಯಂತ್ರವನ್ನು ನಾನು ಎತ್ತಿದ್ದು ಮೇಜಿನಿಂದ ಒಗೆಯುವ ಕಲ್ಲಿನವರೆಗೆ ಮಾತ್ರ.

ನನ್ನ ವರದಿಯಂತೆ ಟ್ರಸ್ಟು ಆ ಮೂರನೆಯದನ್ನೇ ಕೊಂಡು ವಿದ್ಯಾರ್ಥಿನಿಯ ಕೈಗಿತ್ತಿತು. ದೀಪಾವಳಿ ಕಳೆದ ಮೇಲೆ ಆಕೆ ಅದನ್ನು ಪರಿಶೀಲನೆಗೆಂದು ತಂದುಕೊಟ್ಟಳು. ಒಂದು ಗೀರಿಲ್ಲ, ರಬ್ಬರ್ ಮುಚ್ಚಳಗಳ ಸಂದಿಯಲ್ಲಿ ಒಂದು ಕಣ ಮಣ್ಣಿಲ್ಲ. ಇಡೀ ಮಳೆಗಾಲ ಬಯಲಿನಲ್ಲಿ ದುಡಿದೂ ಹೊಸದರಂತಿದೆ, ಬಾಳಿಕೆಗೆ ಇದಕ್ಕಿಂತ ಪುರಾವೆ ಬೇಕೆ ಎಂದು ಎರಡನೆಯ ವರದಿ ಬರೆದೆ. ಹೊಸದಾಗಿ ಸೇರಲಿದ್ದ ನಾಲ್ವರು ಹುಡುಗಿಯರಿಗೂ ಅದನ್ನೇ ಕೊಳ್ಳಲು ಟ್ರಸ್ಟು ಅಣಿಯಾಯಿತು. ಅದೇ ಸಭೆಯಲ್ಲಿ ನನ್ನ ವಿದ್ಯಾರ್ಥಿನಿಯ ಅವಧಿ ಮುಂದುವರಿಸುವ ವಿಷಯವೂ ಬರುವುದಿತ್ತು. ಅವಳ ಶಾಸನಪಾಠಗಳು, ಅಂದರೆ ಕಲ್ಲಿನ ಬರಹವನ್ನು ಓದಿ ಇಳಿಸಿದ ಪ್ರತಿಗಳು, ತಡವಾಗಿ ಕೈಸೇರುತ್ತಿವೆಯೆಂದು ಕೆಲವರು ಗೊಣಗುತ್ತಿದ್ದರು.

ವರದಿಯನ್ನು ಇನ್ನಷ್ಟು ಬಲಪಡಿಸಲು ಯಂತ್ರದೊಳಗಿನ ಕಡತಗಳನ್ನು ತೆರೆದೆ. ಶಾಸನದ ಛಾಯಾಚಿತ್ರ ತೆಗೆದ ದಿನ ಒಂದು. ಅದರ ಪಾಠ ಯಂತ್ರದಲ್ಲಿ ಹುಟ್ಟಿದ ದಿನ ಇನ್ನೊಂದು, ಅದೂ ಸಂಜೆಯ ಹೊತ್ತು. ಮೊದಲ ಕೆಲವನ್ನು ಬಿಟ್ಟರೆ ಎಲ್ಲ ಶಾಸನಗಳದ್ದೂ ಇದೇ ಕತೆ. ಪಾಠವನ್ನು ಕಲ್ಲಿನ ಮುಂದೆ ಕುಳಿತೇ ಓದಬೇಕು, ಚಿತ್ರ ನೋಡಿ ಓದಿದ್ದು ಊಹೆ ಎಂದು ಅವಳಿಗೆ ಕಲಿಸಿದವನು ನಾನೇ. ಮನೆಯಲ್ಲಿ ಕುಳಿತು ಪಾಠಗಳನ್ನು ಹೊಸೆದಿದ್ದಾಳೆಂಬ ಗುಮಾನಿ ಬಂತು. ಟ್ರಸ್ಟಿನ ಅಧ್ಯಕ್ಷರಿಗೆ ಫೋನ್ ಮಾಡಿ, ತಾರೀಖುಗಳು ತಾಳೆಯಾಗುತ್ತಿಲ್ಲ ಎಂದೆ. ಮರುದಿನ ಅವಳನ್ನು ಮನೆಗೆ ಕರೆಸಿದೆ.

"ಏನಮ್ಮ, ಕಲ್ಲಿನ ಮುಂದೆ ಕೂತು ಓದಿದ್ದೀಯೋ, ಮನೇಲಿ ಫೋಟೋ ನೋಡಿ ಬರೆದಿದ್ದೀಯೋ?"

"ಕಲ್ಲಿನ ಮುಂದೇನೇ ಓದಿದೀನಿ ಸರ್. ಹಾಳೆ ಮೇಲೆ ಪೆನ್ಸಿಲ್‌ನಲ್ಲಿ ಬರ್ಕೊಂಡು, ಮನೆಗೆ ಬಂದು ಟೈಪ್ ಮಾಡ್ತೀನಿ. ತಡ ಆಗ್ತಿರೋದೂ ಅದಕ್ಕೇ."

"ಮತ್ತೆ ಈ ಯಂತ್ರ?"

"ಮನೇಲೇ ಇರತ್ತೆ. ಮೊದಲು ಕೆಲವು ದಿನ ತಗೊಂಡ್ಹೋದೆ. ಸ್ಕೂಟರ್ ಕೆಳಗೆ ನಿಲ್ಲಿಸಿ ಗುಡ್ಡ ಹತ್ತಬೇಕು. ಕ್ಯಾಮೆರಾ, ನೀರು, ಬ್ರಷ್ಷು, ಜೊತೆಗೆ ಇದು. ಹೆಗಲು ಹಿಡ್ಕೊಂಡ್ಬುಡ್ತು ಸರ್. ಕಲ್ಲು ತೊಳೆಯೋಕೆ ಕೈ ಎತ್ತೋಕಾಗ್ಲಿಲ್ಲ."

"ನನಗೆ ಹೇಳ್ಬೇಕಿತ್ತು."

"ನಗಣ್ಯ ಅಂತ ಬರೆದಿದ್ರಿ ಸರ್. ಓದಿದ್ದೆ."

ದನಿಯಲ್ಲಿ ಕೊಂಕಿರಲಿಲ್ಲ. ಕಾಫಿ ತಂದಿಟ್ಟ ನನ್ನ ಹೆಂಡತಿ ಮಾತ್ರ ಬಿಡಲಿಲ್ಲ: "ಅವಳ ಮೇಲೆ ಹೊರಿಸೋ ಮುಂಚೆ ನೀವೊಂದ್ಸಲ ಬೀದಿ ತುದಿ ತಂಕ ಹೊತ್ಕೊಂಡು ಹೋಗಿ ಬರ್ಬೇಕಿತ್ತು ಕಣ್ರೀ."

ವಿದ್ಯಾರ್ಥಿನಿ ಹೊರಟ ಮೇಲೆ ಹಾಗೇ ಮಾಡಿದೆ. ಪಾರ್ಕಿನ ತಿರುವು ಮುಟ್ಟುವ ಮೊದಲೇ ಚೀಲವನ್ನು ಯಾರದೋ ಕಾಂಪೌಂಡಿನ ಮೇಲೆ ಇಳಿಸಬೇಕಾಯಿತು. ನಾನು ಊರೂರು ತಿರುಗುತ್ತಿದ್ದ ಕಾಲದಲ್ಲಿ ಕ್ಯಾಮೆರಾದ ಪೆಟ್ಟಿಗೆಯನ್ನು ಹೊರಲು ಆಯಾ ಹಳ್ಳಿಯ ತಳವಾರ ಬರುತ್ತಿದ್ದ, ಅದು ಪದ್ಧತಿ. ನಾನು ಬರಿಗೈಯಲ್ಲಿ ಮುಂದೆ ನಡೆಯುತ್ತಿದ್ದೆ. ತೂಕವೆಂಬುದು ನನ್ನ ವಿದ್ವತ್ತಿನೊಳಗೆ ಎಂದೂ ಪ್ರವೇಶಿಸಿರಲಿಲ್ಲ. ಬಳಸದೆ ಉಳಿದ ವಸ್ತುವಿನ ಹೊಳಪನ್ನು ಬಾಳಿಕೆಯೆಂದು ಓದಿದ್ದೆ. ಅಷ್ಟಾದರೂ ಅವಳ ಪೆನ್ಸಿಲ್ ಹಾಳೆಗಳನ್ನು ತರಿಸಿಕೊಂಡು ಚಿತ್ರಗಳ ದಿನಾಂಕಗಳೊಡನೆ ಒಂದೊಂದಾಗಿ ಹೋಲಿಸಿದೆ. ಎಲ್ಲವೂ ಹೊಂದಿದವು. ಅವಳ ಮಾತು ನನಗೆ ಸಾಲದೆ ಹೋಯಿತಲ್ಲ ಎಂಬುದು ಹೋಲಿಸಿ ಮುಗಿದ ಮೇಲೆ ಹೊಳೆಯಿತು.

ಸಭೆಯಲ್ಲಿ ಎರಡನೆಯ ವರದಿಯನ್ನು ಹಿಂತೆಗೆದುಕೊಳ್ಳುತ್ತೇನೆಂದು ಹೇಳಿ ಕಾರಣ ವಿವರಿಸಿದೆ. ಸದಸ್ಯರೊಬ್ಬರು ನಕ್ಕರು. "ಹಂಗಾದ್ರೆ ನಮ್ಮ ಆಫೀಸ್ ಬೀರೂನೂ ಗಟ್ಟಿ ಯಂತ್ರಾನೇ ಕಣ್ರೀ. ನಿಂತಲ್ಲೇ ನಿಂತಿದೆ, ಒಂದು ಗೀರಿಲ್ಲ." ಎಲ್ಲರೂ ನಕ್ಕರು. ಆ ನಗೆಯನ್ನು ತಡೆದುಕೊಂಡೆ.

ಆಮೇಲೆ ಅಧ್ಯಕ್ಷರು ಕೇಳಿದರು: "ಅದಿರ್ಲಿ ಸರ್. ತಾರೀಖು ತಾಳೆಯಾಗ್ತಿಲ್ಲ ಅಂತ ಫೋನ್‌ನಲ್ಲಿ ಹೇಳಿದ್ರಲ್ಲ, ಅದೇನಾಯ್ತು? ಇವರನ್ನ ಮುಂದುವರಿಸ್ಬೇಕೋ ಬೇಡ್ವೋ ಅನ್ನೋದು ಅದರ ಮೇಲೇ ನಿಂತಿದೆ."

ಅವಳು ಕೊನೆಯ ಕುರ್ಚಿಯಲ್ಲಿ ಕುಳಿತಿದ್ದಳು. ಅಧ್ಯಕ್ಷರ ಕಡೆ ನೋಡಲಿಲ್ಲ, ನನ್ನನ್ನು ನೋಡಿದಳು. ಆ ಫೋನಿನ ವಿಷಯ ಅವಳಿಗೆ ಗೊತ್ತಿರಲಿಲ್ಲ.

"ಸಂದೇಹ ನನ್ನದು, ತಪ್ಪು ಸಂದೇಹ," ಎಂದೆ. "ಪಾಠಗಳೆಲ್ಲ ಕಲ್ಲಿನ ಮುಂದೆಯೇ ಓದಿದವು. ತಡವಾದದ್ದು ನಾನು ಆರಿಸಿದ ಯಂತ್ರದಿಂದ." ದನಿ ಎಷ್ಟು ಇಳಿದಿತ್ತೆಂದರೆ, ಇನ್ನೊಮ್ಮೆ ಹೇಳಿ ಎಂದರು. ಇನ್ನೊಮ್ಮೆ ಹೇಳಿದೆ.

ಅವಳ ಅವಧಿ ಮುಂದುವರಿಯಿತು. ಖರೀದಿ ನಿಂತಿತು, ಹೊರುವವರೇ ಹೊತ್ತು ನೋಡಿ ಆರಿಸಲಿ, ಅವರಿಗೆ ಅವಳೇ ಮುಂದಾಳಾಗಿರಲಿ ಎಂದು ತೀರ್ಮಾನವಾಯಿತು.

ಹೊರಗೆ ಅವಳು ಸ್ಕೂಟರಿನ ಹತ್ತಿರ ಹೆಲ್ಮೆಟ್ ಹಿಡಿದು ನಿಂತಿದ್ದಳು. ಏನಾದರೂ ಹೇಳಬೇಕೆಂದು ಹತ್ತಿರ ಹೋದೆ. ಅವಳೇ ಮೊದಲು ಕೇಳಿದಳು.

"ಸರ್, ನನ್ನನ್ನ ಕೇಳಿ ಆಮೇಲೆ ಫೋನ್ ಮಾಡಿದ್ರಾ, ಫೋನ್ ಮಾಡಿ ಆಮೇಲೆ ಕೇಳಿದ್ರಾ?"

"ಫೋನ್ ಮಾಡಿದ್ದು ಹಿಂದಿನ ದಿನ," ಎಂದೆ.

"ಸರಿ ಸರ್," ಎಂದು ಹೆಲ್ಮೆಟ್ ಹಾಕಿಕೊಂಡಳು.

ಈಗ ಅವಳು ಹಗುರವಾದ ಎರಡನೆಯ ಯಂತ್ರದೊಡನೆ ಗುಡ್ಡ ಹತ್ತುತ್ತಾಳೆ. ಮೊದಲು ಪ್ರತಿ ಪಾಠವನ್ನೂ ನನಗೆ ತೋರಿಸಿ ಆಮೇಲೆ ಟ್ರಸ್ಟಿಗೆ ಕಳಿಸುತ್ತಿದ್ದವಳು ಈಗ ನೇರವಾಗಿ ಟ್ರಸ್ಟಿಗೇ ಕಳಿಸುತ್ತಾಳೆ. ಅಚ್ಚಾದ ಮೇಲೆ ಉಳಿದವರಂತೆ ನಾನೂ ಓದುತ್ತೇನೆ.