ಬಾಮೈದನ ಹೆಸರೆತ್ತದ ಕೌಪಾ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ಹೇಳಿದವರ ಬಾಯಲ್ಲಿನ ಅಡಿಕೆ ಈ ಜನ್ಮದಲ್ಲಿ ಕೆಂಪಾಗದಿರಲಿ. ನಡೆದದ್ದು ಹೋದ ಭಾನುವಾರ, ನಮ್ಮ ಗುಡ್ಡದೂರು ಗೊರೋಕಾದ ಮೈದಾನದಲ್ಲಿ, ಊರಿಗೆ ಊರೇ ಬೇಲಿ ಹಿಡಿದು ನಿಂತಿದ್ದಾಗ.

ಅವತ್ತು ಬೆಳಕು ಹರಿಯುವ ಮೊದಲೇ ಕೌಪಾ ತೋಟದಲ್ಲಿದ್ದಾನೆ. ಮೊಣಕಾಲಿನ ತನಕ ಮಂಜು. ಆಟದ ಅಭ್ಯಾಸಕ್ಕೆಂದು ಬಗ್ಗುತ್ತಾನೆ, ನುಗ್ಗುತ್ತಾನೆ, ಬಾಳೆಗಿಡದ ಸೊಂಟಕ್ಕೆ ಭುಜ ಕೊಟ್ಟು ತಬ್ಬಿ ನೆಲಕ್ಕೆ ಕೆಡವುತ್ತಾನೆ. ಈಗೀಗ ಅವನ ಹೆಜ್ಜೆ ಸದ್ದಾದರೆ ಸಾಕು, ಅಂಚಿನ ಬಾಳೆಗಳು ತಾವಾಗಿಯೇ ಮಲಗಿಬಿಡುತ್ತವೆ. ಗೊನೆ ಬಿಟ್ಟದ್ದನ್ನು ಮಾತ್ರ ಮುಟ್ಟುವ ಹಾಗಿಲ್ಲ. ಹೆಂಡತಿ ಡೊರ್ಕಾಸ್ ಅವಕ್ಕೆ ಕೆಂಪು ಬಟ್ಟೆ ಕಟ್ಟಿದ್ದಾಳೆ.

"ಗಿಡ ಬೀಳ್ಸಿದ್ದು ಸಾಕು, ಗೆಣಸು ತಿನ್ನು ಬಾ," ಎಂದು ಕೂಗುತ್ತಾಳೆ ಅವಳು. "ಮಧ್ಯಾಹ್ನ ನನ್ ತಮ್ಮನ್ನ ಬೀಳ್ಸು ನೋಡಾಣ."

ಕೌಪಾ ಗೊರೋಕಾ ರಗ್ಬಿ ಲೀಗ್ ತಂಡದ ಸಂಬಳದ ಆಟಗಾರ. ಅಂಕ ಹೊಡೆಯುವವನಲ್ಲ. ನಡುಮಧ್ಯ ನಿಂತು ಚೆಂಡು ಹಿಡಿದು ಬಂದವರನ್ನು ಕೆಡವುವುದು, ಎದ್ದು ಮತ್ತೊಬ್ಬನನ್ನು ಕೆಡವುವುದು. ಒಂದು ಆಟದಲ್ಲಿ ನಲವತ್ತು ಸಲವಾದರೂ ಆಗುತ್ತದೆ. ಯಾರು ಯಾರನ್ನು ಹಿಡಿಯಬೇಕು ಎಂದು ಕೂಗಿ ಹೇಳುವುದೂ ಅವನದೇ ಕೆಲಸ. ಎಡಗಿವಿ ಒಣ ಅಣಬೆಯ ಹಾಗೆ ಮುರುಟಿದೆ, ಮುಂದಿನ ಎರಡು ಹಲ್ಲು ಯಾವ ಮೈದಾನದಲ್ಲಿವೆಯೋ ನೆನಪಿಲ್ಲ.

"ಅಂಕ ಹೊಡ್ದೋರ ಹೆಸ್ರು ರೇಡಿಯೋದಲ್ಲಿ ಬರ್ತದೆ," ಎಂದು ನಗುತ್ತಾನೆ. "ನಂದು ಬರೋದು ಮೂಳೆ ಮುರಿದಾಗ."

ವಯಸ್ಸು ಮೂವತ್ಮೂರು. ತರಬೇತುದಾರ ಗೆಂದೆ ಹಿಂದಿನ ಸಂಜೆಯೇ ಹೇಳಿಬಿಟ್ಟಿದ್ದಾನೆ: "ನೋಡಪ್ಪಾ, ನಾಳೆ ಹಾಗೆನ್‌ನವರ ಕೈಲಿ ಸೋತ್ರೆ ಮುಂದಿನ ವರ್ಷ ನಿನ್ ಜಾಗಕ್ಕೆ ಬೇರೆಯವ್ನು. ನನ್ ಮೇಲೆ ಸಿಟ್ಟಾಗ್ಬೇಡ."

ಎದುರಾಳಿ ಊರು ಹಾಗೆನ್, ಆ ತಂಡದ ದೊಡ್ಡ ಹೋರಿಯೇ ಡೊರ್ಕಾಸಳ ತಮ್ಮ. ನಮ್ಮಲ್ಲಿ ಹೆಂಡತಿಯ ಒಡಹುಟ್ಟಿದವನ ಹೆಸರನ್ನು ನಾಲಿಗೆಗೆ ತರಬಾರದು. ತಂದರೆ ಅವನಿಗೆ ದಂಡವಾಗಿ ಹಂದಿ ಕೊಡಬೇಕು, ಅದಕ್ಕಿಂತ ಹೆಚ್ಚಾಗಿ ಹೆಂಡತಿಯ ಮುಖ ನೋಡಬೇಕು. ಹಾಗಾಗಿ ಇಷ್ಟು ವರ್ಷವೂ ಕೌಪಾ ಅವನನ್ನು ಅಂಗಿಯ ನಂಬರಿನಿಂದಲೇ ಕೂಗಿದ್ದಾನೆ. "ಹದ್ಮೂರು! ಹದ್ಮೂರು ಬಂದ!" ಎಂದರೆ ಎಲ್ಲರಿಗೂ ಗೊತ್ತಾಗುತ್ತದೆ, ಮರ್ಯಾದೆಯೂ ಉಳಿಯುತ್ತದೆ.

ಆಟ ಮುಗಿಯಲು ಇನ್ನೇನು ಸ್ವಲ್ಪವೇ ಇದೆ. ಗೊರೋಕಾ ಎರಡೇ ಅಂಕ ಮುಂದಿದೆ. ಬಾಮೈದನ ಮೂಗು ಒಡೆದು ಅಂಗಿಯೆಲ್ಲ ರಕ್ತ. ಹೊರಗೆ ಹೋಗಿ ಬೇರೆ ಅಂಗಿ ತೊಟ್ಟು ಬರುತ್ತಾನೆ. ಬೆನ್ನು ಬೋಳು. ನಂಬರೇ ಇಲ್ಲ.

ಕೌಪಾ ಆ ಬೋಳು ಬೆನ್ನನ್ನೇ ನೋಡುತ್ತಾನೆ: ಇನ್ನು ಏನೆಂದು ಕೂಗುವುದು?

ಕೊನೆಯ ದಾಳಿ. ಹಾಗೆನ್‌ನವರು ಗೊರೋಕಾದ ಗೆರೆಯ ಹತ್ತಿರವೇ ಇದ್ದಾರೆ, ಚೆಂಡು ಹಿಡಿದು ಅದನ್ನು ದಾಟಿದರೆ ಗೆಲುವು ಅವರದೇ. ಕೌಪಾ ಒಬ್ಬನನ್ನು ಕೆಡವಿ ಅವನಡಿಯಲ್ಲೇ ಸಿಕ್ಕಿಕೊಂಡಿದ್ದಾನೆ, ಎರಡು ಕೈಯೂ ಕೆಳಗೆ. ಆ ದಾಂಡಿಗನ ಕಂಕುಳ ಸಂದಿಯಿಂದ ನೋಡುತ್ತಾನೆ: ಬಾಮೈದ ಸದ್ದಿಲ್ಲದೆ ಎಡತುದಿಗೆ ಜಾರುತ್ತಿದ್ದಾನೆ. ಅಲ್ಲಿ ಕಾವಲಿರುವ ತನ್ನವನು ಯಾಲ್, ಬೇರೊಬ್ಬನನ್ನೇ ದಿಟ್ಟಿಸುತ್ತ ನಿಂತಿದ್ದಾನೆ.

"ಯಾಲ್! ಎಡಕ್ಕೆ!"

"ಎಡಕ್ಕೇ ಇದೀನಲ್ಲೋ!"

'ಬಾಮೈದ' ಎಂದಿದ್ದರೆ ಆಗುತ್ತಿತ್ತಲ್ಲ ಎನ್ನಬೇಡಿ. ಗೊರೋಕಾದ ಅರ್ಧ ತಂಡಕ್ಕೆ ಹಾಗೆನ್‌ನಲ್ಲೇ ಹೆಣ್ಣು ತಂದದ್ದು, ಎದುರಿಗಿದ್ದವರೆಲ್ಲ ಯಾರಿಗೋ ಒಬ್ಬರಿಗೆ ಬಾಮೈದರೇ. ಹೆಸರು ಗಂಟಲ ತನಕ ಬಂದು ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿದೆ. ನುಂಗಿದರೆ ಕೆಲಸ ಹೋಯಿತು, ಉಗುಳಿದರೆ ಮನೆ ಹೋಯಿತು.

ಚೆಂಡು ಕೈಯಿಂದ ಕೈಗೆ ಹೊರಡುತ್ತದೆ. ಕೌಪಾ ಬೇಲಿಯ ಕಡೆ ಕತ್ತು ಹೊರಳಿಸಿ ಹೊಟ್ಟೆಯೊಳಗಿನ ಉಸಿರನ್ನೆಲ್ಲ ಹಾಕಿ ಕಿರುಚುತ್ತಾನೆ:

"ಡೊರ್ಕಾಸ್!"

ಬೇಲಿಗೆ ಒರಗಿದ್ದ ಡೊರ್ಕಾಸ್ ಗಂಡನ ಮುಖ ನೋಡುತ್ತಾಳೆ. ತಮ್ಮನನ್ನು ನೋಡುತ್ತಾಳೆ. ಅಕ್ಕನ ಬಾಯಿಗೆ ಆ ಕಟ್ಟಳೆಯಿಲ್ಲ. ಆಮೇಲೆ ಗುಡ್ಡದಾಚೆಯ ಹಂದಿಗಳೂ ಓಗೊಡುವಂಥ ಕೂಗು:

"ರುಮಿಂಟ್! ಯಾಲ್, ರುಮಿಂಟ್‌ನ ಹಿಡಿಯೋ!"

ಆ ಬದಿಯ ಬೇಲಿಗೆ ಬೇಲಿಯೇ "ರುಮಿಂಟ್! ರುಮಿಂಟ್!" ಎಂದು ಹುಯ್ಯಲಿಡುತ್ತದೆ. ಯಾಲ್ ತಿರುಗುತ್ತಾನೆ, ಓಡುವವನ ಕಾಲು ತಬ್ಬಿ ಕೆಡವುತ್ತಾನೆ. ಗೆರೆಗೆ ಒಂದು ಗೇಣಿರುವಾಗ ರುಮಿಂಟ್ ಮಕಾಡೆ. ಚೆಂಡು ಉರುಳಿ ಹೊರಗೆ. ಆಟ ಮುಗಿಯಿತು.

ಗೆಂದೆ ಬಂದು ಕೌಪಾನ ಒಳ್ಳೆಯ ಕಿವಿ ಹಿಂಡುತ್ತಾನೆ. "ಮುಂದಿನ ವರ್ಷಾನೂ ನೀನೇ. ಹೆಂಡ್ತೀನೂ ಕರ್ಕೊಂಬಾ."

ಸಂಜೆ ರೇಡಿಯೋದಲ್ಲಿ ಯಾಲ್‌ನ ಹೆಸರು ಮೂರು ಸಲ ಬರುತ್ತದೆ. ಕೌಪಾನದು ಇಲ್ಲ. ಅವನು ಒಲೆಯ ಮುಂದೆ ಗೆಣಸು ಸುಲಿಯುತ್ತಿರುವಾಗ ಬಾಗಿಲಲ್ಲಿ ಊದಿದ ಮೂಗೊಂದು ಕಾಣಿಸುತ್ತದೆ.

"ಭಾವಾ, ಹಂದಿ ಕೊಡು."

"ಯಾಕೋ? ನಾನ್ ಕೂಗಿದ್ದು ನನ್ ಹೆಂಡ್ತಿ ಹೆಸ್ರು."

"ಕೂಗ್ಸಿದ್ದೂ ಕೂಗಿದ್ಹಂಗೇ!"

"ಕೈ ತೊಳ್ಕೊಂಡು ಬಾರೋ, ಮೊದ್ಲು ಉಣ್ಣು," ಎಂದು ಡೊರ್ಕಾಸ್ ತಮ್ಮನ ತಲೆಗೆ ಮೊಟಕುತ್ತಾಳೆ. "ಅಕ್ಕ ಕೂಗಿದ್ಕೆ ಹಂದಿ ಕೇಳ್ತಾನಂತೆ."

ಕೌಪಾ ಗೆಣಸಿನ ದೊಡ್ಡ ತುಂಡನ್ನು ಬಾಮೈದನ ಕಡೆ ಸರಿಸುತ್ತಾನೆ. "ಹನ್ನೆರಡು ವರ್ಷದಲ್ಲಿ ನೂರಾರು ಜನಾನ ಕೆಡವಿದೀನಿ," ಎನ್ನುತ್ತಾನೆ ತಲೆಯೆತ್ತದೆ. "ಇವ್ನ ಹೆಸ್ರು ಮಾತ್ರ ಒಂದ್ಸಲಾನೂ ಕೆಡವಿಲ್ಲ."

ಬರುವ ಶನಿವಾರ ಹಿರಿಯರು ಕೂತು ಈ ಹಂದಿ ಜಗಳಕ್ಕೆ ತೀರ್ಪು ಕೊಡುತ್ತಾರೆ. ಪುಕ್ಕಟೆ ಕಥೆ ಕೇಳಿ ಸುಮ್ಮನೆ ಎದ್ದು ಹೋಗಬೇಡಿ, ನೀವೂ ಬಂದು ಒಂದು ಮಾತು ಹೇಳಿ. ಕೌಪಾನದು ತಪ್ಪಿಲ್ಲ ಅನ್ನುವವರು ಬರಿಗೈಲಿ ಬಂದರೂ ಆದೀತು. ತಪ್ಪು ಅನ್ನುವವರು ಬರುವಾಗ ಹಂದಿಯನ್ನು ನೀವೇ ಹೊಡೆದುಕೊಂಡು ಬನ್ನಿ.