ಗಂಟು ಎದೆಯಲ್ಲಿ, ಕೊಯ್ದದ್ದು ಹೊಟ್ಟೆಯನ್ನು

ನನ್ನ ಹೆಂಡತಿ ಮುನಿಯಮ್ಮನ ಎಡ ಎದೆಯಲ್ಲಿ ಗಂಟು ಸಿಕ್ಕಿದ್ದು ಯುಗಾದಿಯ ಎಣ್ಣೆಸ್ನಾನದ ದಿನ. ಮುಟ್ಟಿಗೆ ಮುಂಚೆ ಬಿಗಿಯುತ್ತಿತ್ತು. ಆಮೇಲೆ ಸಡಿಲವಾಗುತ್ತಿತ್ತು. ಬಂದುಹೋಗುವ ನೆಂಟ ಎಂದುಕೊಂಡು ಅವಳು ಸುಮ್ಮನಿದ್ದಳು. ಆ ಮೂರು ದಿನ ಹಿಂದಿನ ಜಗಲಿಯಲ್ಲಿ ದೂರ ಕೂತವಳನ್ನು ನೋಡುವವರಾದರೂ ಯಾರು? ನನ್ನಕ್ಕ ಬಂದು ಬೇಯಿಸಿ, ತಟ್ಟೆಯನ್ನು ಅವಳತ್ತ ತಳ್ಳಿ ಹೋಗುತ್ತಿದ್ದಳು.

ದೀಪಾವಳಿಯ ಹೊತ್ತಿಗೆ ಗಂಟು ಸಡಿಲವಾಗುವುದನ್ನು ನಿಲ್ಲಿಸಿತು. ಆಗಲೇ ಅವಳು ನನಗೆ ಹೇಳಿದ್ದು, ನಾನು ಆಸ್ಪತ್ರೆಗೆ ಕರೆದುಕೊಂಡು ಹೋದದ್ದು.

ನಾನು ತಲೆಯ ಮೇಲೆ ಕುಕ್ಕೆ ಹೊತ್ತು ಸೊಪ್ಪು ಮಾರಿ, ಚಾಮರಾಜಪೇಟೆಯಲ್ಲಿ ಅಂಗಡಿ ಇಟ್ಟವನು. ಚೌಕಾಶಿ ಮಾಡದೆ ಯಾವುದನ್ನೂ ಒಪ್ಪಿದವನಲ್ಲ. ಲೇಡಿ ಡಾಕ್ಟರು ಪರೀಕ್ಷಿಸಿ, ಕ್ಯಾನ್ಸರ್ ಎಂದರು. ಕಂಕುಳಿಗೂ ಹರಡಿದೆ, ಎದೆ ಕೊಯ್ದು ಪ್ರಯೋಜನವಿಲ್ಲ, ಹೊಟ್ಟೆಯೊಳಗಿನ ಎರಡೂ ಓವರಿ, ಅಂದರೆ ಅಂಡಾಶಯ, ತೆಗೆದು ನೋಡಬಹುದು ಎಂದರು.

“ಗಂಟಿರೋದು ಎದೇಲಿ, ಹೊಟ್ಟೆ ಕುಯ್ತೀನಿ ಅಂತೀರಲ್ಲ ತಾಯಿ? ಬದನೇಕಾಯಿಗೆ ಹುಳ ಬಿದ್ರೆ ಪಕ್ಕದ ಮಡೀಲಿರೋ ಅವರೆ ಕೀಳ್ತಾರಾ?”

“ಕಳೆ ಎದೇಲಿದೆ, ನೀರು ಓವರಿಯಿಂದ ಹೋಗ್ತಿರಬಹುದು. ನಿಲ್ಸಿ ನೋಡೋಣ. ಕೆಲವರಿಗೆ ಒಣಗಿದೆ, ಕೆಲವರಿಗಿಲ್ಲ. ಯಾಕೆ ಅಂತ ನಮಗೂ ಗೊತ್ತಿಲ್ಲ.”

ಒಂದನ್ನಾದರೂ ಉಳಿಸಿ ಎಂದೆ. ಮುನಿಯಮ್ಮ ಸೆರಗು ಸರಿಮಾಡಿಕೊಂಡಳು.

“ಸೊಪ್ಪಿನ ಕಟ್ಟಲ್ಲ ಕಣ್ರೀ, ನನ್ನ ಒಡಲು. ಕುಯ್ಲಿ ಬಿಡಿ.”

ಆಪರೇಷನ್ ಆಯಿತು. ಮುಟ್ಟು ನಿಂತಿತು. ಚಳಿಗಾಲದಲ್ಲೂ ಮೈಯೊಳಗೆ ಬೆಂಕಿ ಹಾಯ್ದಂತೆ ಬೆವರುತ್ತಿದ್ದಳು, ಸಣ್ಣದಕ್ಕೂ ಅಳುತ್ತಿದ್ದಳು. ಆದರೆ ಗಂಟು ಮೆತ್ತಗಾಗುತ್ತ ಬಂತು, ನಿಂಬೆಹಣ್ಣಿನಷ್ಟಿದ್ದದ್ದು ಅಡಿಕೆಯಷ್ಟಾಯಿತು.

“ವಾಸಿಯಾಗಿದೆ ಅಂತ ಹೇಳಲ್ಲ. ಗಡುವು ಸಿಕ್ಕಿದೆ, ಅಷ್ಟೆ,” ಎಂದರು ಡಾಕ್ಟರು. ಎಷ್ಟು ಎಂದು ಕೇಳಿದೆ. ಮುಂದಿನ ತಿಂಗಳು ಮತ್ತೆ ಕರೆದುಕೊಂಡು ಬನ್ನಿ ಎಂದರು. ಚೌಕಾಶಿಗೂ ಜಾಗವಿರಲಿಲ್ಲ.

ನಿಮಗೆ ಹೇಳುವುದಿಷ್ಟೆ: ಗಂಟು ಬಂದುಹೋಗುತ್ತದೆ ಎಂದು ಕಾಯಬೇಡಿ. ಹೆಂಗಸರಿಗೆ ಹೇಳಲು ನಾಚಿಕೆಯಾದರೆ, ಗಂಡಸರೇ, ನೀವು ಕೇಳಿ.

ಮೊನ್ನೆ ನೋಡಿದರೆ ಮುನಿಯಮ್ಮ ಹಿಂದಿನ ಜಗಲಿಯಲ್ಲಿ ಚಾಪೆ ಹಾಸಿಕೊಂಡು ಕೂತಿದ್ದಾಳೆ.

ಹತ್ತಿರ ಓಡಿದೆ.

“ಮತ್ತೆ ಮುಟ್ಟು ಶುರುವಾಯ್ತೇನೇ?”

“ಇಲ್ಲಾರೀ. ಒಲೆ ಬಿಟ್ಟು ಕೂರೋಕೆ ತಿಂಗಳಿಗೆ ಆ ಮೂರು ದಿನಾನೇ ಇದ್ದದ್ದು. ಅದೂ ಹೋಯ್ತಲ್ಲ ಅಂತ ಸುಮ್ನೆ ಕೂತೆ.”

“ಕೂತ್ಕೋ. ಅದನ್ಯಾಕೆ ಬಿಟ್ಕೊಡ್ತೀಯ?”

ಒಳಗೆ ಹೋಗಿ ಒಲೆ ಹಚ್ಚಿದೆ. ಅನ್ನ ತಳ ಹಿಡಿಯಿತು. ತಟ್ಟೆಯನ್ನು ತಳ್ಳಲಿಲ್ಲ, ಅವಳ ಕೈಗೇ ಕೊಟ್ಟು, ಚಾಪೆಯ ಇನ್ನೊಂದು ತುದಿಯಲ್ಲಿ ಕೂತೆ.