ಸೇತುರಾಮ ಮೇಷ್ಟ್ರ ಸೋಲಾರ್ ಮೈಕು

ಬನಶಂಕರಿಯ ಶಾಲೆಯೊಂದರಲ್ಲಿ ಪಿ.ಟಿ. ಮೇಷ್ಟ್ರಾಗಿದ್ದ ಸೇತುರಾಮ ಅವರು ನಿವೃತ್ತರಾಗುವ ಹೊತ್ತಿಗೆ ಗಂಟಲು ಪೂರ್ತಿ ಕೂತುಹೋಗಿತ್ತು. ಅಪ್ಪಣೆ ಕೊಡುವ ಚಟ ಮಾತ್ರ ಹೋಗಿರಲಿಲ್ಲ. ಮನೆಯಲ್ಲಿ ಹೆಂಡತಿ ಕಾತ್ಯಾಯಿನಿ ಯಾರ ಅಪ್ಪಣೆಗೂ ಬಗ್ಗುವವರಲ್ಲ. ಹಾಗಾಗಿ ಮೇಷ್ಟ್ರು ಪಾರ್ಕಿನಲ್ಲಿ ನಗೆಕೂಟ ಶುರುಮಾಡಿದರು. ಅವರು "ನಗಿ" ಎಂದಾಗ ನಗಬೇಕು, "ಸ್ಟಾಪ್" ಎಂದಾಗ ಬಾಯಿ ಮುಚ್ಚಬೇಕು. ಹಿಂದಿನ ಸಾಲಿನವರಿಗೆ ಆ ಸ್ಟಾಪ್ ಕೇಳುತ್ತಲೇ ಇರಲಿಲ್ಲ. ಅವರ ಪಾಡಿಗೆ ಅವರು ನಗುತ್ತಲೇ ಇರುತ್ತಿದ್ದರು.

೨೦೦೮ರಲ್ಲಿ ಮೇಷ್ಟ್ರು ಮೈಕು, ಸ್ಪೀಕರ್ ಕೊಂಡರು. ಪಾರ್ಕಿನಲ್ಲಿ ಪ್ಲಗ್ ಎಲ್ಲಿಂದ ಬರಬೇಕು? ಹಳೆಯ ಲ್ಯಾಪ್‌ಟಾಪ್ ಬಿಚ್ಚಿ ಅದರ ಲಿಥಿಯಂ ಸೆಲ್‌ಗಳನ್ನು ಟೇಪು ಸುತ್ತಿ ಬ್ಯಾಟರಿ ಮಾಡಿಕೊಂಡರು. ಸೋಲಾರ್ ಪ್ಯಾನೆಲ್ಲಿಗಾಗಿ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿಗೆ ಹೋದರು.

"ಡೈರೆಕ್ಟಾಗಿ ಕೊಡ್ಬೇಡಿ ಸಾರ್," ಎಂದ ಅಂಗಡಿಯವನು. "ಮಧ್ಯ ಲಿಥಿಯಂ ಚಾರ್ಜ್ ಕಂಟ್ರೋಲರ್ ಹಾಕಿ. ಬ್ಯಾಟರಿ ತುಂಬಿದ್ ತಕ್ಷಣ ಅದೇ ನಿಲ್ಸತ್ತೆ."

"ಇಡೀ ಸ್ಕೂಲನ್ನೇ ಕಂಟ್ರೋಲ್ ಮಾಡಿದೀನಿ ಕಣಯ್ಯಾ. ಬಿಸಿಲಿಗ್ಯಾಕೆ ಕಂಟ್ರೋಲು?" ಎಂದು ಮೇಷ್ಟ್ರು ಪ್ಯಾನೆಲ್ ಒಂದನ್ನೇ ಹಿಡಿದು ಬಂದರು.

ಕೂಟದ ವಾರ್ಷಿಕೋತ್ಸವ ಏಪ್ರಿಲ್ ತಿಂಗಳ ಒಂದು ಭಾನುವಾರ. ಮುಖ್ಯ ಅತಿಥಿಗಳಾದ ಡಾಕ್ಟರು ಬರುವುದು ತಡವಾಯಿತು. ಅಲ್ಲಿಯವರೆಗೆ ಚಾರ್ಜ್ ಆಗಲಿ ಎಂದು ಮೇಷ್ಟ್ರು ಪ್ಯಾನೆಲ್ಲಿನ ವೈರನ್ನು ನೇರ ಬ್ಯಾಟರಿಗೆ ಸಿಕ್ಕಿಸಿ, ಎರಡನ್ನೂ ಕಾದ ಕಲ್ಲುಬೆಂಚಿನ ಮೇಲಿಟ್ಟು, ಮೈಕು ಹಿಡಿದು ಸ್ವಾಗತ ಭಾಷಣ ಶುರುಮಾಡಿದರು. ಭಾಷಣ ಅವರ ಬಾಲ್ಯದಲ್ಲಿದ್ದಾಗ ಬ್ಯಾಟರಿ ಸುಯ್ಯೆಂದಿತು. ಬಿಳಿ ಹೊಗೆ ಎದ್ದಿತು.

"ಓಡಿ! ಎಲ್ರೂ ದೂರ ಓಡಿ!"

ಮೇಷ್ಟ್ರ ದನಿ ಮೊದಲ ಸಲ ಹಿಂದಿನ ಸಾಲಿಗೂ ಸ್ಪಷ್ಟವಾಗಿ ಕೇಳಿಸಿತು. ಹೊಸ ವ್ಯಾಯಾಮವಿರಬೇಕೆಂದು ಎಲ್ಲರೂ ನಿಂತಲ್ಲೇ ಓಡುತ್ತಾ "ಹ್ಹ ಹ್ಹ ಹ್ಹಾ" ಎಂದರು. ಮೇಷ್ಟ್ರು ಗಾಬರಿಯಿಂದ ಕೈ ಬೀಸಿದರು. ಅವರೂ ಬೀಸಿದರು.

"ಮಾಸ್ತರು ಇವತ್ತ ಭಾರಿ ಐಟಮ್ ತಂದಾರ ನೋಡ್ರಿ!" ಎಂದು ಬಿಟಿಎಮ್ ಬಡಾವಣೆಯಲ್ಲಿ ಬಾಡಿಗೆಗಿದ್ದ ಬಾಗಲಕೋಟೆಯ ಕರೆಪ್ಪ ಇನ್ನೂ ಎತ್ತರಕ್ಕೆ ಕುಣಿದ.

ಕೊನೆಗೆ ಮುಂದಿನ ಸಾಲಿನಲ್ಲಿ ಕೂತಿದ್ದ ಕಾತ್ಯಾಯಿನಿ ಸೆರಗು ಬಿಗಿದು ಎದ್ದರು. "ನಗೋದು ನಿಲ್ಸಿ! ಬ್ಯಾಟರಿ ಹತ್ಕೊಂಡಿದೆ! ನಡೀರಿ ಗೇಟಿನ ಹತ್ರ!"

ಅವರಿಗೆ ಮೈಕು ಬೇಕಾಗಲಿಲ್ಲ. ಒಂದೇ ಕೂಗಿಗೆ ಪಾರ್ಕು ಖಾಲಿಯಾಯಿತು. ಹಿಂದೆಯೇ ಬ್ಯಾಟರಿ ಭಗ್ಗೆಂದು ಉರಿದು, ಪಕ್ಕದಲ್ಲಿದ್ದ ಸನ್ಮಾನದ ಶಾಲನ್ನೂ ಸುಟ್ಟಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಗೇಟಿನ ಹೊರಗೆ ಏದುಸಿರು ಬಿಡುತ್ತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ನಗು ತಡೆಯಲಾಗಲಿಲ್ಲ. ಅದೇ ಹೊತ್ತಿಗೆ ಕಾರಿನಿಂದಿಳಿದ ಡಾಕ್ಟರು, "ಎಷ್ಟು ಸಹಜವಾಗಿ ನಗ್ತಾರ್ರೀ!" ಎಂದು ಬೆರಗಾದರು.

ಮರುದಿನವೇ ಮೇಷ್ಟ್ರು ಹೋಗಿ ಕಂಟ್ರೋಲರ್ ತಂದರು. ಜೊತೆಗೆ, ಒಳಗೇ ರಕ್ಷಣೆಯ ಸರ್ಕ್ಯೂಟ್ ಬೋರ್ಡಿರುವ ಹೊಸ ಬ್ಯಾಟರಿಯನ್ನೂ ತಂದರು. ಈಗ ಪ್ಯಾನೆಲ್ ತಾರಸಿಯ ಬಿಸಿಲಿನಲ್ಲಿ, ಬ್ಯಾಟರಿ ನೀರಿನ ಟ್ಯಾಂಕಿನ ನೆರಳಿನಲ್ಲಿ. ಬ್ಯಾಟರಿ ತುಂಬಿತೆಂದು ಹಸಿರು ದೀಪ ಬರುವವರೆಗೆ ಮೇಷ್ಟ್ರು ಎದುರಿಗೇ ಕುರ್ಚಿ ಹಾಕಿಕೊಂಡು ಕಾವಲು.

ಕಾಫಿ ತಂದ ಕಾತ್ಯಾಯಿನಿ ಬೆವರುತ್ತಿದ್ದ ಗಂಡನನ್ನು ನೋಡಿದರು. "ಅದನ್ನ ನೆರಳಲ್ಲಿಟ್ಟು ನೀವ್ಯಾಕ್ರೀ ಬಿಸಿಲಲ್ಲಿ ಕೂತಿದೀರಾ?"

ಮೇಷ್ಟ್ರು ಕುರ್ಚಿ ಎತ್ತಿಕೊಂಡು ಟ್ಯಾಂಕಿನ ನೆರಳಿಗೆ ಹೋದರು.